ದೃಶ್ಯಕಲೆ ಮತ್ತು ಕಲಾ ಇತಿಹಾಸದಲ್ಲಿ ಸ್ನಾತಕೋತ್ತರ ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ವಿ.ಎ. (ದೃಶ್ಯಕಲೆಯ ಪದವಿ) ಕೊನೆಯ ವರ್ಷದಲ್ಲಿರುವವರು, ಬೇರೆ ವಿಷಯದಲ್ಲಿ ಪದವಿ ಮುಗಿಸಿ ಕಲೆಯತ್ತ ತಿರುಗಿದವರು ಮತ್ತು ಮಕ್ಕಳ ಈ ನಿರ್ಧಾರದಿಂದ ಆತಂಕಗೊಂಡಿರುವ ತಂದೆತಾಯಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಶುಲ್ಕ, ಸೀಟುಗಳ ಸಂಖ್ಯೆ ಮತ್ತು ಅರ್ಜಿಯ ಕೊನೆಯ ದಿನಾಂಕ ವರ್ಷವರ್ಷವೂ ಬದಲಾಗುವುದರಿಂದ ಅವನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳಬೇಕು.

ಸ್ಟುಡಿಯೋ ಕಲೆಯ ಸ್ನಾತಕೋತ್ತರಕ್ಕೂ ಕಲಾ ಇತಿಹಾಸದ ಸ್ನಾತಕೋತ್ತರಕ್ಕೂ ಏನು ವ್ಯತ್ಯಾಸ?

ಚಿತ್ರಕಲೆ, ಶಿಲ್ಪಕಲೆ, ಮುದ್ರಣಕಲೆ ಮುಂತಾದ ವಿಭಾಗಗಳಲ್ಲಿ ಎಂ.ವಿ.ಎ. ಅಥವಾ ಎಂ.ಎಫ್.ಎ. (ದೃಶ್ಯಕಲೆ ಅಥವಾ ಲಲಿತಕಲೆಯ ಸ್ನಾತಕೋತ್ತರ ಪದವಿ) ಮಾಡುವವರು ಎರಡು ವರ್ಷಗಳ ಬಹುಪಾಲನ್ನು ಸ್ಟುಡಿಯೋದಲ್ಲಿ ಕಳೆಯುತ್ತಾರೆ. ಅವರ ಮೌಲ್ಯಮಾಪನ ನಡೆಯುವುದು ಮುಖ್ಯವಾಗಿ ಕೃತಿಗಳ ಪ್ರದರ್ಶನ ಮತ್ತು ಜ್ಯೂರಿಯ (ತೀರ್ಪುಗಾರರ ಸಮಿತಿಯ) ಮೂಲಕ. ಕಲಾ ಇತಿಹಾಸದ ವಿದ್ಯಾರ್ಥಿಗಳು ಗ್ರಂಥಾಲಯ, ವಸ್ತುಸಂಗ್ರಹಾಲಯ ಮತ್ತು ಕ್ಷೇತ್ರಕಾರ್ಯಗಳಲ್ಲಿ ದುಡಿದು, ಸೆಮಿನಾರ್ ಪ್ರಬಂಧಗಳನ್ನೂ ಕೊನೆಗೊಂದು ಕಿರು ಸಂಶೋಧನಾ ಪ್ರಬಂಧವನ್ನೂ ಬರೆಯುತ್ತಾರೆ.

ಕಾಗದದ ಮೇಲೆ ಇವು ಹೀಗೆ ಬೇರೆ ಬೇರೆಯಾಗಿ ಕಂಡರೂ, ಭಾರತದ ಕಲಾಶಿಕ್ಷಣದ ಅತ್ಯುತ್ತಮ ಪರಂಪರೆ ಇವೆರಡನ್ನೂ ಒಂದೇ ಸೂರಿನಡಿ ಇಟ್ಟಿದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. 1919ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾದ ಕಲಾಭವನದಲ್ಲಿ ಚಿತ್ರಕಲೆ, ಶಿಲ್ಪ, ಗ್ರಾಫಿಕ್ ಕಲೆಗಳ ಜೊತೆಯಲ್ಲೇ ಕಲಾ ಇತಿಹಾಸದ ವಿಭಾಗವೂ ಇದೆ. 1950ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಲಲಿತಕಲಾ ನಿಕಾಯದಲ್ಲೂ ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದ್ದು, ಚಿತ್ರ ಬರೆಯುವವರೂ ಚಿತ್ರದ ಬಗ್ಗೆ ಬರೆಯುವವರೂ ಒಂದೇ ಆವರಣದಲ್ಲಿ ವಾದ ಮಾಡುತ್ತಾ ಬೆಳೆಯುತ್ತಾರೆ. ಈ ಎರಡೂ ಕಡೆ ಕಲಿಸಿದ ಕೆ.ಜಿ. ಸುಬ್ರಹ್ಮಣ್ಯನ್ ಚಿತ್ರಕಾರರಾಗಿ ಎಷ್ಟು ಮುಖ್ಯರೋ ಕಲೆಯ ಬಗ್ಗೆ ಬರೆದ ಚಿಂತಕರಾಗಿಯೂ ಅಷ್ಟೇ ಮುಖ್ಯರು. ಆದ್ದರಿಂದ ಯಾವ ವಿಭಾಗವನ್ನು ಆರಿಸಿಕೊಂಡರೂ ಇನ್ನೊಂದರ ಬಾಗಿಲು ತೆರೆದಿರುವ ಸಂಸ್ಥೆಯನ್ನೇ ಹುಡುಕಿ ಎಂಬುದು ನನ್ನ ಮೊದಲ ಸಲಹೆ. ಓದದ ಚಿತ್ರಕಾರರು ಒಂದು ಹಂತದ ನಂತರ ತಮ್ಮನ್ನೇ ತಾವು ನಕಲು ಮಾಡತೊಡಗುತ್ತಾರೆ. ಕೃತಿಯ ಎದುರು ನಿಂತು ನೋಡುವ ತಾಳ್ಮೆಯಿಲ್ಲದ ಇತಿಹಾಸಕಾರರು ಬೇರೆಯವರ ಪುಸ್ತಕಗಳ ಬಗ್ಗೆ ಮಾತ್ರ ಬರೆಯಬಲ್ಲರು.

ನಾಲ್ಕು ವರ್ಷ ಬಿ.ವಿ.ಎ. ಓದಿದ ಮೇಲೂ ಎಂ.ವಿ.ಎ. ಬೇಕೆ?

ಕಲಾವಿದರಾಗಲು ಬೇಕಿಲ್ಲ, ಕಾಲೇಜಿನಲ್ಲಿ ಕಲಿಸಲು ಬೇಕು. ಈ ಎರಡರ ನಡುವೆ ಇನ್ನೂ ಒಂದು ಕಾರಣವಿದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು. ಬಿ.ವಿ.ಎ. ಅವಧಿಯಲ್ಲಿ ವಿದ್ಯಾರ್ಥಿಗಳು ಕೊಟ್ಟ ಅಭ್ಯಾಸಗಳನ್ನು ಮಾಡುತ್ತಾರೆ: ಲೈಫ್ ಸ್ಟಡಿ, ಸ್ಟಿಲ್ ಲೈಫ್, ನಿಸರ್ಗಚಿತ್ರ, ಕಾಂಪೊಸಿಷನ್. ಸ್ನಾತಕೋತ್ತರದಲ್ಲಿ ಅಭ್ಯಾಸವನ್ನು ಕೊಡುವವರು ಇರುವುದಿಲ್ಲ. ಏನು ಮಾಡಬೇಕು, ಏಕೆ ಮಾಡಬೇಕು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಯೇ ಕಟ್ಟಿಕೊಳ್ಳಬೇಕು. ಎರಡು ವರ್ಷಗಳ ಬಿಡುವು, ಸ್ಟುಡಿಯೋದ ಒಂದು ಮೂಲೆ, ಮುಖ ನೋಡದೆ ಟೀಕಿಸುವ ಸಹಪಾಠಿಗಳು, ಪಕ್ಕದಲ್ಲೇ ಗ್ರಂಥಾಲಯ, ಇವೆಲ್ಲ ಒಟ್ಟಿಗೆ ಸಿಗುವ ಅವಕಾಶ ಬದುಕಿನಲ್ಲಿ ಮತ್ತೆ ಬರುವುದು ಅಪರೂಪ. ಆ ಬಿಡುವನ್ನು ಏನಕ್ಕೆ ಬಳಸುತ್ತೀರಿ ಎಂಬುದಕ್ಕೆ ಒಂದು ಮಸುಕಾದ ಉತ್ತರವಾದರೂ ನಿಮ್ಮಲ್ಲಿದ್ದರೆ ಅರ್ಜಿ ಹಾಕಿ. ಪದವಿ ಮುಗಿದಿದೆ, ಮುಂದೇನು ಮಾಡುವುದೆಂದು ತೋಚುತ್ತಿಲ್ಲ ಎಂಬುದಷ್ಟೇ ಕಾರಣವಾಗಿದ್ದರೆ ಒಂದು ವರ್ಷ ಕೆಲಸ ಮಾಡಿ, ನಂತರ ಯೋಚಿಸುವುದು ಮೇಲು.

ನನ್ನ ಪದವಿ ಕಲೆಯಲ್ಲಿ ಇಲ್ಲ. ನಾನು ಸೇರಬಹುದೆ?

ಕಲಾ ಇತಿಹಾಸಕ್ಕೆ ಸೇರುವುದು ಹೆಚ್ಚು ಸುಲಭ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಈಸ್ಥೆಟಿಕ್ಸ್ ಬೇರೆ ಬೇರೆ ವಿಷಯಗಳ ಪದವೀಧರರನ್ನು ಎಂ.ಎ.ಗೆ ಪರಿಗಣಿಸುತ್ತದೆ. ಇತಿಹಾಸ, ಸಾಹಿತ್ಯ, ಸಂಸ್ಕೃತ, ಪುರಾತತ್ತ್ವ, ವಾಸ್ತುಶಿಲ್ಪ ಓದಿದವರು ತಂದುಕೊಡುವ ಸಾಮಗ್ರಿ ಈ ಕ್ಷೇತ್ರಕ್ಕೆ ಬಹಳ ಬೇಕಾದದ್ದು.

ಸ್ಟುಡಿಯೋ ವಿಭಾಗಗಳಿಗೆ ಹೆಚ್ಚಿನ ಕಡೆ ಬಿ.ವಿ.ಎ., ಬಿ.ಎಫ್.ಎ. ಅಥವಾ ತತ್ಸಮಾನ ಪದವಿಯನ್ನು ಕೇಳುತ್ತಾರೆ. ಹಾಗೆಂದು ದಾರಿಯೇ ಇಲ್ಲವೆಂದಲ್ಲ, ದಾರಿ ಉದ್ದವಿದೆ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಮೊದಲು ಅರ್ಥಶಾಸ್ತ್ರ, ಇಂಗ್ಲಿಷ್ ಮತ್ತು ಮನಃಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಆಮೇಲೆ ಬರೋಡಾಕ್ಕೆ ಹೋಗಿ ಶಿಲ್ಪಕಲೆಯಲ್ಲಿ ಮತ್ತೊಮ್ಮೆ ಪದವಿಯನ್ನೂ 1985ರಲ್ಲಿ ಸ್ನಾತಕೋತ್ತರವನ್ನೂ ಪಡೆದರು. ಇಪ್ಪತ್ತೆರಡು, ಇಪ್ಪತ್ಮೂರನೆಯ ವಯಸ್ಸಿನಲ್ಲಿ ಮತ್ತೆ ಮೊದಲ ವರ್ಷದ ಬೆಂಚಿನಲ್ಲಿ ಕುಳಿತುಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಹಿನ್ನಡೆಯೆಂದು ನೋಡುವುದುಂಟು. ಕೈಗೆ ತರಬೇತಿ ಬೇಕಿರುವ ಕ್ಷೇತ್ರದಲ್ಲಿ ಅದು ಹಿನ್ನಡೆಯಲ್ಲ.

ಕರ್ನಾಟಕದಲ್ಲೇ ಓದುವುದೋ, ಹೊರಗೆ ಹೋಗುವುದೋ?

ಕರ್ನಾಟಕದಲ್ಲಿ ಕಲಾಶಿಕ್ಷಣದ ಆಧಾರ ಗಟ್ಟಿಯಾಗಿಯೇ ಇದೆ. 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಮೈಸೂರು ಸಾಂಪ್ರದಾಯಿಕ ಚಿತ್ರಗಳ ಸಂಗ್ರಹವನ್ನೂ ರಷ್ಯಾ ಮೂಲದ ರೋರಿಕ್ ಚಿತ್ರಕಾರರ ಕೃತಿಗಳ ಸಂಗ್ರಹವನ್ನೂ ತನ್ನ ಆವರಣದಲ್ಲೇ ಇಟ್ಟುಕೊಂಡಿದೆ; ತರಗತಿಯಿಂದ ಹತ್ತು ಹೆಜ್ಜೆ ನಡೆದು ಮೂಲಕೃತಿಯನ್ನು ನೋಡಬಹುದಾದ ಅನುಕೂಲ ಬಹಳ ಕಾಲೇಜುಗಳಿಗಿಲ್ಲ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರೂ ಕರೆಯುವ ಕಾವಾ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಮತ್ತು ಕಲಬುರಗಿಯ ಕಲಾಶಾಲೆಗಳು ರಾಜ್ಯದ ಬೇರೆ ಬೇರೆ ಭಾಗಗಳ ವಿದ್ಯಾರ್ಥಿಗಳಿಗೆ ಹತ್ತಿರದಲ್ಲಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿಯೇ ಸಂಶೋಧನೆ ನಡೆಸುವ ಅವಕಾಶವಿದೆ.

ಆದರೂ, ಸಾಧ್ಯವಿರುವವರು ಪದವಿ ಮತ್ತು ಸ್ನಾತಕೋತ್ತರಗಳಲ್ಲಿ ಒಂದನ್ನಾದರೂ ತಮ್ಮ ಊರಿನಿಂದ ದೂರದಲ್ಲಿ ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒಂದೇ ಗುರುಗಳ ಬಳಿ ಆರು ವರ್ಷ ಕಲಿತವರ ಗೆರೆಯಲ್ಲಿ ಗುರುಗಳ ಗೆರೆಯೇ ಉಳಿದುಬಿಡುವ ಅಪಾಯವಿದೆ. ನಮ್ಮವರ ಹಾದಿಯೂ ಇದನ್ನೇ ಹೇಳುತ್ತದೆ. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯ ನಂತರ ಪ್ಯಾರಿಸ್ಸಿನಲ್ಲೂ ಕಲಿತರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ ತರಬೇತಿ ಪಡೆದು, ಶಾಂತಿನಿಕೇತನದಲ್ಲಿ ಮುಂದುವರಿದು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಚಿತ್ರಕಲೆಯಲ್ಲಿ ಎಂ.ಎ. ಪಡೆದರು. ಸೆಗಣಿ, ಕುಂಕುಮ, ದಾರ, ಡಾಂಬರಿನ ಪೀಪಾಯಿಯ ತಗಡು ಮುಂತಾದ ಇಲ್ಲಿನ ದಿನಬಳಕೆಯ ವಸ್ತುಗಳಿಂದಲೇ ಅವರು ಪ್ರಪಂಚ ಗಮನಿಸಿದ ಕೃತಿಗಳನ್ನು ಮಾಡಿದ್ದು ಆ ಪಯಣದ ನಂತರ ಎಂಬುದನ್ನು ನೆನಪಿಡಬೇಕು. ಹೊರಗೆ ಹೋದವರು ಇಲ್ಲಿನದನ್ನು ಕಳೆದುಕೊಳ್ಳುತ್ತಾರೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಕರ್ನಾಟಕದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪಟ್ಟಿ ಮಾಡಿಕೊಳ್ಳುವ ಜಾಗಗಳು ಬರೋಡಾ, ಶಾಂತಿನಿಕೇತನ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಸ್ಕೂಲ್ ಮತ್ತು ದೆಹಲಿಯ ಕಾಲೇಜ್ ಆಫ್ ಆರ್ಟ್. ವಸ್ತುಸಂಗ್ರಹಾಲಯ ವಿಜ್ಞಾನ ಮತ್ತು ಕಲಾಕೃತಿಗಳ ಸಂರಕ್ಷಣೆಯಲ್ಲಿ ಆಸಕ್ತಿಯುಳ್ಳವರು 1989ರಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸಂಸ್ಥೆಯಾಗಿ ಆರಂಭವಾಗಿ, ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಎಂಬ ಹೆಸರಿನಲ್ಲಿ ನೋಯ್ಡಾದಲ್ಲಿರುವ ಸಂಸ್ಥೆಯನ್ನೂ ನೋಡಬೇಕು.

ಒಂದು ವಿಭಾಗ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಹೋಗಿ ನೋಡುವುದರಿಂದ. ಸಂಸ್ಥೆಯ ಹೆಸರು ಐವತ್ತು ವರ್ಷ ಹಿಂದೆ ಕಲಿಸಿದವರಿಂದ ಬಂದಿರಬಹುದು. ನಿಮಗೆ ಕಲಿಸುವವರು ಇಂದು ಅಲ್ಲಿರುವವರು. ಅವರ ಕೃತಿಗಳನ್ನು ನೋಡಿ, ಬರಹಗಳನ್ನು ಓದಿ, ಸಾಧ್ಯವಾದರೆ ವಾರ್ಷಿಕ ಪ್ರದರ್ಶನದ ಸಮಯದಲ್ಲೇ ಭೇಟಿ ಕೊಡಿ. ಹತ್ತು ವಿದ್ಯಾರ್ಥಿಗಳ ಕೃತಿಗಳು ಒಂದೇ ಕೈ ಮಾಡಿದಂತೆ ಕಂಡರೆ ಅದನ್ನು ಎಚ್ಚರಿಕೆಯ ಸೂಚನೆಯೆಂದು ತಿಳಿಯಿರಿ.

ಸಲಕರಣೆಗಳ ವಿಷಯದಲ್ಲಿ ಮುದ್ರಣಕಲಾ ವಿಭಾಗವನ್ನೇ ಉದಾಹರಣೆಯಾಗಿ ನೋಡೋಣ. ಕಲ್ಲಚ್ಚಿನ (ಲಿಥೋಗ್ರಫಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ವಿಧಾನದ) ಕಲ್ಲುಗಳು ಹೆಚ್ಚಿನ ಹಳೆಯ ಕಲಾಶಾಲೆಗಳಲ್ಲಿ ಇರುತ್ತವೆ, ಆದರೆ ಅವು ಬಳಕೆಯಲ್ಲಿವೆಯೇ ಎಂಬುದೇ ಪ್ರಶ್ನೆ. ಕಲ್ಲಿನ ಮೇಲ್ಮೈಯನ್ನು ಕಾರ್ಬೊರಂಡಂ ಪುಡಿ ಮತ್ತು ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಿ, ಹಿಂದಿನ ಚಿತ್ರವನ್ನು ಅಳಿಸಿ, ಹೊಸ ಚಿತ್ರಕ್ಕೆ ಬೇಕಾದ ತರಿಯನ್ನು ಎಬ್ಬಿಸುತ್ತಾರೆ. ಉಜ್ಜುವ ತೊಟ್ಟಿ ಒದ್ದೆಯಾಗಿದ್ದು ಅದರ ಅಂಚಿನಲ್ಲಿ ಬೂದುಬಣ್ಣದ ಕೆಸರು ಕಂಡರೆ ಅಲ್ಲಿ ಕೆಲಸ ನಡೆಯುತ್ತಿದೆ; ತೊಟ್ಟಿ ಒಣಗಿ, ಕಲ್ಲುಗಳ ಮೇಲೆ ದೂಳು ಕೂತಿದ್ದರೆ ಅಲ್ಲಿ ಕಲ್ಲಚ್ಚು ಪಠ್ಯಕ್ರಮದಲ್ಲಿ ಮಾತ್ರ ಇದೆ. ಎಚಿಂಗ್ (ಲೋಹದ ತಗಡನ್ನು ಆಮ್ಲದಿಂದ ಕೊರೆದು ಅಚ್ಚು ತೆಗೆಯುವುದು) ಮಾಡುವ ಕೋಣೆಯಲ್ಲಿ ಸತುವಿನ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದುವಾಗ ಹೊರಬರುವ ಅನಿಲ ಶ್ವಾಸಕೋಶಕ್ಕೆ ಹಾನಿಕರ. ಅದನ್ನು ಹೊರಗೆಳೆಯುವ ಫ್ಯಾನು ಇದೆಯೇ, ಅದು ತಿರುಗುತ್ತದೆಯೇ ಎಂದು ನೋಡಲು ಸಂಕೋಚ ಬೇಡ. ಶಿಲ್ಪ ವಿಭಾಗದಲ್ಲಿ ಕುಲುಮೆ, ಲೋಹದ ಎರಕದ ವ್ಯವಸ್ಥೆ, ಕಲ್ಲು ಎತ್ತುವ ಸಲಕರಣೆಗಳ ಬಗ್ಗೆ ಇದೇ ರೀತಿ ವಿಚಾರಿಸಿ. ಸ್ಟುಡಿಯೋ ಸಂಜೆ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬ ಸಣ್ಣ ಪ್ರಶ್ನೆಯ ಉತ್ತರವೂ ಎರಡು ವರ್ಷಗಳ ಕೆಲಸದ ಪ್ರಮಾಣವನ್ನು ನಿರ್ಧರಿಸುತ್ತದೆ.

ಕಲಾ ಇತಿಹಾಸದವರು ನೋಡಬೇಕಾದದ್ದು ಗ್ರಂಥಾಲಯವನ್ನು, ಹಳೆಯ ನಿಯತಕಾಲಿಕಗಳ ಸಂಗ್ರಹವನ್ನು ಮತ್ತು ಅಧ್ಯಯನ ಪ್ರವಾಸಗಳು ನಿಜಕ್ಕೂ ನಡೆಯುತ್ತವೆಯೇ ಎಂಬುದನ್ನು.

ಪೋರ್ಟ್‌ಫೋಲಿಯೋ ಹೇಗಿರಬೇಕು?

ವಿದೇಶದ ಸಂಸ್ಥೆಗಳು ಸಾಮಾನ್ಯವಾಗಿ 15ರಿಂದ 20 ಚಿತ್ರಗಳನ್ನು ಕೇಳುತ್ತವೆ. ನಮ್ಮಲ್ಲಿ ಹಲವೆಡೆ ಮೂಲಕೃತಿಗಳನ್ನೂ ಸಂದರ್ಶನಕ್ಕೆ ತರಲು ಹೇಳುತ್ತಾರೆ. ಸಂಖ್ಯೆ ಎಷ್ಟೇ ಇರಲಿ, ಹೆಚ್ಚಿನ ಭಾಗ ಕಳೆದ ಎರಡು ವರ್ಷಗಳ ಕೆಲಸವಾಗಿರಲಿ. ನಾಲ್ಕು ವರ್ಷಗಳ ಎಲ್ಲ ಅಭ್ಯಾಸಗಳಿಂದ ಒಂದೊಂದನ್ನು ಆರಿಸಿ, ಒಂದು ಜಲವರ್ಣ, ಒಂದು ತೈಲವರ್ಣ, ಒಂದು ಭಾವಚಿತ್ರ, ಒಂದು ಅಮೂರ್ತ ಎಂಬಂತೆ ಜೋಡಿಸಿದ ಪೋರ್ಟ್‌ಫೋಲಿಯೋ ನಿಮಗೆ ಏನೆಲ್ಲ ಬರುತ್ತದೆ ಎಂದು ಹೇಳುತ್ತದೆಯೇ ಹೊರತು ನಿಮಗೆ ಏನು ಬೇಕಾಗಿದೆ ಎಂದು ಹೇಳುವುದಿಲ್ಲ. ಒಂದೇ ಪ್ರಶ್ನೆಯ ಬೆನ್ನು ಹತ್ತಿದ ಎಂಟು ಕೃತಿಗಳು, ಅವುಗಳಲ್ಲಿ ಎರಡು ಸೋತಿದ್ದರೂ ಸರಿ, ಹೆಚ್ಚು ತೂಕದವು.

ಫೋಟೋ ನೋಡಿ ಬರೆದ ಭಾವಚಿತ್ರಗಳ ಬಗ್ಗೆ ಒಂದು ಮಾತು. ಕೂದಲಿನ ಎಳೆ ಎಳೆಯನ್ನೂ ಪೆನ್ಸಿಲ್ಲಿನಲ್ಲಿ ತೆಗೆದ ನಟರ ಮುಖಗಳಿಗೆ ಊರಿನಲ್ಲಿ ಬಹಳ ಮೆಚ್ಚುಗೆ ಸಿಗುತ್ತದೆ, ಅದರ ಹಿಂದಿನ ಶ್ರಮವೂ ನಿಜವಾದದ್ದೇ. ಆದರೆ ಆಯ್ಕೆ ಸಮಿತಿಯವರು ಹುಡುಕುವುದು ಕಣ್ಣೆದುರಿನ ವಸ್ತುವನ್ನು ನೀವು ಹೇಗೆ ಕಂಡಿರಿ, ಏನನ್ನು ಬಿಟ್ಟಿರಿ, ಏನನ್ನು ಉಳಿಸಿಕೊಂಡಿರಿ ಎಂಬುದನ್ನು. ಫೋಟೋದಲ್ಲಿ ಆ ನಿರ್ಧಾರಗಳನ್ನೆಲ್ಲ ಕ್ಯಾಮೆರಾ ಮೊದಲೇ ತೆಗೆದುಕೊಂಡಿರುತ್ತದೆ. ಅದರ ಬದಲಿಗೆ ಬಸ್ ನಿಲ್ದಾಣದಲ್ಲಿ ತುಂಬಿಸಿದ ಸ್ಕೆಚ್ ಪುಸ್ತಕವನ್ನು ಒಯ್ಯಿರಿ. ಸಮಿತಿಯವರು ದೊಡ್ಡ ಕ್ಯಾನ್ವಾಸುಗಳಿಗಿಂತ ಹೆಚ್ಚು ಹೊತ್ತು ಸ್ಕೆಚ್ ಪುಸ್ತಕದ ಪುಟ ತಿರುಗಿಸುವುದು ಅಪರೂಪವಲ್ಲ.

ಕೃತಿಗಳ ಛಾಯಾಚಿತ್ರವನ್ನು ನೆರಳಿನ ಹಗಲು ಬೆಳಕಿನಲ್ಲಿ, ಚೌಕಟ್ಟಿನ ಗಾಜನ್ನು ತೆಗೆದು, ಕ್ಯಾಮೆರಾವನ್ನು ಕೃತಿಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಶಿಲ್ಪವಾದರೆ ಎರಡು ಮೂರು ಕೋನಗಳಿಂದ. ಪ್ರತಿ ಚಿತ್ರದ ಜೊತೆ ಶೀರ್ಷಿಕೆ, ಮಾಧ್ಯಮ, ಸೆಂಟಿಮೀಟರಿನಲ್ಲಿ ಅಳತೆ ಮತ್ತು ವರ್ಷ ಇರಬೇಕು. ಬಣ್ಣವನ್ನು ಫೋನಿನಲ್ಲಿ ತಿದ್ದಿ ಹೊಳೆಯಿಸಬೇಡಿ. ಮೂಲಕೃತಿಯನ್ನು ನೋಡಿದ ದಿನ ಅದು ನಿಮಗೇ ತೊಂದರೆಯಾಗುತ್ತದೆ.

ಉದ್ದೇಶ ಪತ್ರದಲ್ಲಿ ಏನು ಬರೆಯಬೇಕು?

ಬಾಲ್ಯದಿಂದಲೂ ಚಿತ್ರ ಬರೆಯುವುದೆಂದರೆ ಇಷ್ಟ ಎಂಬ ವಾಕ್ಯವನ್ನು ಬಿಟ್ಟು ಆರಂಭಿಸಿ, ಏಕೆಂದರೆ ಅರ್ಜಿ ಹಾಕಿದ ಎಲ್ಲರಿಗೂ ಅದು ನಿಜ. ಈಗ ಯಾವ ಕೆಲಸ ಮಾಡುತ್ತಿದ್ದೀರಿ, ಅದರಲ್ಲಿ ಎಲ್ಲಿ ಸಿಕ್ಕಿಬಿದ್ದಿದ್ದೀರಿ, ಅದನ್ನು ಮುಂದಕ್ಕೆ ಒಯ್ಯಲು ಈ ವಿಭಾಗವೇ ಏಕೆ ಬೇಕು ಎಂಬುದನ್ನು ಸರಳವಾಗಿ ಹೇಳಿ. ನೀವು ಮಾತನಾಡುವಾಗ ಬಳಸದ ದೊಡ್ಡ ಸೈದ್ಧಾಂತಿಕ ಪದಗಳನ್ನು ಬರೆದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅವುಗಳ ಮೇಲೆಯೇ ಬರುತ್ತದೆ.

ಕಲಾ ಇತಿಹಾಸಕ್ಕೆ ಬರವಣಿಗೆಯ ಮಾದರಿ ಕೇಳುತ್ತಾರೆ. ಯಾವ ವಿಷಯ ಆರಿಸಲಿ?

ನೀವು ಮತ್ತೆ ಮತ್ತೆ ಹೋಗಿ ನೋಡಬಹುದಾದ ಒಂದು ಕೃತಿಯನ್ನು ಆರಿಸಿ. ಕನ್ನಡ ನಾಡಿನವರಿಗೆ ಈ ವಿಷಯದಲ್ಲಿ ಇರುವ ಭಾಗ್ಯ ದೊಡ್ಡದು, ಆದರೆ ಅರ್ಜಿಗಳಲ್ಲಿ ಅದನ್ನು ಬಳಸಿಕೊಳ್ಳುವವರು ಕಡಿಮೆ. ಪುಸ್ತಕದ ಬಣ್ಣದ ಪುಟದಲ್ಲಿ ಮಾತ್ರ ನೋಡಿದ ಯುರೋಪಿನ ಚಿತ್ರದ ಬಗ್ಗೆ ಇನ್ನೊಬ್ಬರ ಅಭಿಪ್ರಾಯಗಳನ್ನು ಜೋಡಿಸುವುದಕ್ಕಿಂತ ನಿಮ್ಮ ತಾಲ್ಲೂಕಿನ ದೇವಾಲಯದ ಚಾವಣಿಯ ಬಗ್ಗೆ ಬರೆಯಿರಿ.

ಬೇಲೂರನ್ನು ತೆಗೆದುಕೊಳ್ಳೋಣ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಗಳ ಬಗ್ಗೆ ಸೌಂದರ್ಯದ ವಿಶೇಷಣಗಳನ್ನು ಸುರಿಯುವುದು ಸುಲಭ. ಪ್ರವಾಸಿ ಮಾರ್ಗದರ್ಶಿಗಳು ಅದನ್ನು ನಿತ್ಯವೂ ಮಾಡುತ್ತಾರೆ. ನೀವು ಬೇರೆ ರೀತಿಯಲ್ಲಿ ಆರಂಭಿಸಿ. ಶಿಲ್ಪ ಇರುವುದು ಎಲ್ಲಿ? ಕಂಬದ ತಲೆಗೂ ಸೂರಿಗೂ ನಡುವೆ, ಕೆಳಗೆ ನಿಂತವರ ಕಡೆಗೆ ಬಾಗಿಕೊಂಡು. ಹಾಗಾದರೆ ಅದನ್ನು ಕಣ್ಣಿನ ಮಟ್ಟದಲ್ಲಿ ತೆಗೆದ ಛಾಯಾಚಿತ್ರ ನಮಗೆ ತೋರಿಸುವ ಅಳತೆಗಳು ಶಿಲ್ಪಿ ಲೆಕ್ಕ ಹಾಕಿದ ಅಳತೆಗಳೇ ಆಗಿವೆಯೇ? ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಬಳಪದ ಕಲ್ಲು ಯಾವ ಯಾವ ಭಾಗಗಳಲ್ಲಿ ಹಿನ್ನೆಲೆಯಿಂದ ಪೂರ್ತಿ ಬಿಡಿಸಿಕೊಂಡಿದೆ, ಎಲ್ಲಿ ಅಂಟಿಕೊಂಡೇ ಉಳಿದಿದೆ? ತಲೆಯ ಮೇಲಿನ ಬಳ್ಳಿಯ ಚಪ್ಪರದ ರಂಧ್ರಗಳಿಂದ ಬೆಳಕು ಯಾವ ಹೊತ್ತಿನಲ್ಲಿ ಮುಖದ ಮೇಲೆ ಬೀಳುತ್ತದೆ? ಕೊನೆಗೆ ಪೀಠವನ್ನು ನೋಡಿ. ಅಲ್ಲಿ ಹಲವು ಕಡೆ ಕನ್ನಡ ಅಕ್ಷರಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವಿ ಇರುವುದು ಇಂದಿನ ಶಿವಮೊಗ್ಗ ಜಿಲ್ಲೆಯಲ್ಲಿ; ಅಲ್ಲಿಂದ ಬೇಲೂರಿಗೆ ಕುಶಲಕರ್ಮಿಗಳು ಬಂದದ್ದು ಏಕೆ, ತಂದೆ ಮಗನ ಉಳಿಯ ನಡುವೆ ವ್ಯತ್ಯಾಸ ಕಾಣುತ್ತದೆಯೇ, ಪ್ರಾಚೀನ ಭಾರತದ ಕಲಾವಿದರು ಹೆಸರು ಬಿಟ್ಟುಹೋಗಲಿಲ್ಲ ಎಂಬ ಸಾಮಾನ್ಯ ಹೇಳಿಕೆ ಈ ಪೀಠದ ಮುಂದೆ ನಿಲ್ಲುತ್ತದೆಯೇ? ಒಂದೂವರೆ ಶತಮಾನದ ನಂತರ ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಶಿಲ್ಪದಿಂದ ಶಿಲ್ಪಕ್ಕೆ ಮರುಕಳಿಸುವುದನ್ನು ಇದರ ಪಕ್ಕದಲ್ಲಿಟ್ಟರೆ ನಿಮ್ಮ ಕೈಯಲ್ಲೊಂದು ನಿಜವಾದ ಸಂಶೋಧನಾ ಪ್ರಶ್ನೆ ಇದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವನ್ನು ಗೆದ್ದವರ ಕಡೆಯಿಂದ ಚಿತ್ರಿಸಿರುವ ರೀತಿ, ಸೀಬಿಯ ನರಸಿಂಹ ದೇವಾಲಯದ ಭಿತ್ತಿಚಿತ್ರಗಳು, ಬಾದಾಮಿಯ 578ರ ಮೂರನೆಯ ಗುಹೆಯಲ್ಲಿ ಉಳಿದಿರುವ ಬಣ್ಣದ ಕುರುಹುಗಳು, ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿ, ಕಿನ್ನಾಳದ ಮರದ ಕೆಲಸ, ಇವೆಲ್ಲ ಇದೇ ರೀತಿಯ ಗಮನಕ್ಕೆ ಕಾದಿವೆ. ಸಮಕಾಲೀನ ಕಲೆಯಲ್ಲಿ ಆಸಕ್ತಿಯುಳ್ಳವರಿಗೆ ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿ, 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮತ್ತು 2023ರಲ್ಲಿ ಹೊಸ ಕಟ್ಟಡದಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಇವೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಇಂಗ್ಲಿಷ್ ಅಡ್ಡಿಯಾಗುವುದಿಲ್ಲವೇ?

ಮೊದಲ ಸೆಮಿಸ್ಟರಿನಲ್ಲಿ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಹೊರರಾಜ್ಯಗಳಲ್ಲಿ ತರಗತಿಯ ಓದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಸೇರುವ ಮೊದಲಿನ ಆರು ತಿಂಗಳು ಪ್ರತಿದಿನ ಕಲೆಯ ಬಗ್ಗೆ ಒಂದೆರಡು ಪುಟ ಇಂಗ್ಲಿಷ್ ಓದಿ, ಓದಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ನಾನು ಕಂಡ ಅತ್ಯಂತ ಫಲಕಾರಿ ಅಭ್ಯಾಸ. ಮ್ಯಾಪ್ ಅಕಾಡೆಮಿ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ಭಾರತೀಯ ಕಲೆಯ ವಿಶ್ವಕೋಶದ ನಮೂದುಗಳು ಚಿಕ್ಕವಾಗಿದ್ದು ಇದಕ್ಕೆ ಅನುಕೂಲವಾಗಿವೆ.

ಇನ್ನೊಂದು ಬದಿಯನ್ನೂ ನೋಡಬೇಕು. ದಕ್ಷಿಣ ಭಾರತದ ಕಲೆಯನ್ನು ಅಧ್ಯಯನ ಮಾಡುವ ಎಷ್ಟೋ ವಿದೇಶಿ ಸಂಶೋಧಕರು ವರ್ಷಗಟ್ಟಲೆ ಶ್ರಮಪಟ್ಟು ಕಲಿಯುವ ಕನ್ನಡ ನಿಮ್ಮ ನಾಲಿಗೆಯ ಮೇಲಿದೆ. ಹಳಗನ್ನಡದ ಶಾಸನಗಳನ್ನು ಓದುವ ತರಬೇತಿಯನ್ನು ಅದಕ್ಕೆ ಸೇರಿಸಿದರೆ ಕರ್ನಾಟಕದ ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಅನುವಾದದ ಹಂಗಿಲ್ಲದೆ ನಿಮಗೆ ತೆರೆದುಕೊಳ್ಳುತ್ತವೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಚಿತ್ರಕಲೆಯ ಬಗ್ಗೆ ವಿವರಗಳಿವೆ, ಅದಕ್ಕೆ ಸಂಸ್ಕೃತ ಬೇಕು. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಕಾಲದ ಬಿಜಾಪುರದ ಚಿತ್ರಗಳನ್ನು ಆರಿಸಿಕೊಂಡವರಿಗೆ ಫಾರ್ಸಿ ಮತ್ತು ದಖನಿ ಬೇಕು. ವಿಷಯ ಆರಿಸುವಾಗಲೇ ಭಾಷೆಯನ್ನೂ ಆರಿಸುತ್ತಿದ್ದೀರಿ ಎಂಬ ಅರಿವಿರಲಿ.

ಪ್ರವೇಶ ಪರೀಕ್ಷೆ ಇರುತ್ತದೆಯೇ?

ಕೆಲವು ಕೇಂದ್ರೀಯ ವಿಶ್ವವಿದ್ಯಾಲಯಗಳು ಸಿಯುಇಟಿ-ಪಿಜಿ (ಸ್ನಾತಕೋತ್ತರ ಪ್ರವೇಶದ ರಾಷ್ಟ್ರಮಟ್ಟದ ಸಾಮಾನ್ಯ ಪರೀಕ್ಷೆ) ಅಂಕಗಳನ್ನು ಬಳಸುತ್ತವೆ. ಸ್ಟುಡಿಯೋ ವಿಷಯಗಳಲ್ಲಿ ಪ್ರಾಯೋಗಿಕ ಪರೀಕ್ಷೆ, ಪೋರ್ಟ್‌ಫೋಲಿಯೋ ಪರಿಶೀಲನೆ ಮತ್ತು ಸಂದರ್ಶನಗಳೇ ನಿರ್ಣಾಯಕ.

ವಿದೇಶದಲ್ಲಿ ಓದುವುದು ಹೇಗೆ ಭಿನ್ನ?

ಅಮೆರಿಕದಲ್ಲಿ ಸ್ಟುಡಿಯೋ ಕಲೆಯ ಎಂ.ಎಫ್.ಎ. ಎರಡರಿಂದ ಮೂರು ವರ್ಷಗಳದ್ದು, ಮತ್ತು ಅಲ್ಲಿ ಅದನ್ನೇ ಆ ಕ್ಷೇತ್ರದ ಅಂತಿಮ ಪದವಿಯೆಂದು ಪರಿಗಣಿಸುತ್ತಾರೆ. ಕಾಲೇಜಿನಲ್ಲಿ ಚಿತ್ರಕಲೆ ಕಲಿಸಲು ಪಿಎಚ್.ಡಿ. ಕೇಳುವುದಿಲ್ಲ. ಕಲಾ ಇತಿಹಾಸದಲ್ಲಿ ಹಾಗಲ್ಲ. ಅಲ್ಲಿ ಪಿಎಚ್.ಡಿ.ಯೇ ಗುರಿ, ಹಲವು ವಿಭಾಗಗಳು ಪದವಿಯ ನಂತರ ನೇರವಾಗಿ ಪಿಎಚ್.ಡಿ.ಗೆ ಸೇರಿಸಿಕೊಳ್ಳುತ್ತವೆ, ಸಂಶೋಧನೆಗೆ ಬೇಕಾದ ಭಾಷೆಗಳ ಓದಿನ ಪರೀಕ್ಷೆ ಇರುತ್ತದೆ. ಹಣದ ವಿಷಯದಲ್ಲೂ ಈ ವ್ಯತ್ಯಾಸ ದೊಡ್ಡದು: ದೊಡ್ಡ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರವೇಶದ ಜೊತೆ ಶುಲ್ಕ ವಿನಾಯಿತಿಯೂ ಜೀವನವೆಚ್ಚದ ಭತ್ಯೆಯೂ ಸಾಮಾನ್ಯವಾಗಿ ಬರುತ್ತವೆ, ಎಂ.ಎ.ಗೆ ಹಾಗೆ ಬರುವುದು ಕಡಿಮೆ. ಎಂ.ಎಫ್.ಎ.ಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಸಹಾಯಕರಾಗಿ ದುಡಿದು ಶುಲ್ಕ ವಿನಾಯಿತಿ ಪಡೆಯುವ ದಾರಿ ಇದೆ. ಹೆಸರಾಂತ ಖಾಸಗಿ ಕಲಾಶಾಲೆಗಳ ಪೂರ್ತಿ ಶುಲ್ಕವನ್ನು ಸಾಲದ ಮೇಲೆ ಕಟ್ಟುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಕಲಾವಿದರ ಆರಂಭದ ವರ್ಷಗಳ ಆದಾಯ ಆ ಕಂತನ್ನು ಹೊರುವುದಿಲ್ಲ. ಆಗಸ್ಟ್ ತರಗತಿಗೆ ಅರ್ಜಿಯ ಗಡುವು ಹಿಂದಿನ ಡಿಸೆಂಬರ್ ಅಥವಾ ಜನವರಿಯಲ್ಲೇ ಮುಗಿಯುವುದರಿಂದ ಒಂದು ವರ್ಷ ಮೊದಲೇ ತಯಾರಿ ಬೇಕು.

ಬ್ರಿಟನ್ನಿನಲ್ಲಿ ಎಂ.ಎ. ಹೆಚ್ಚಾಗಿ ಒಂದು ವರ್ಷದ್ದು. ಲಂಡನ್ನಿನ ಕೋರ್ಟಾಲ್ಡ್ ಸಂಸ್ಥೆ ಮತ್ತು ಸೋಯಾಸ್ ಕಲಾ ಇತಿಹಾಸಕ್ಕೆ ಹೆಸರಾದವು. ಒಂದು ವರ್ಷ ಖರ್ಚು ಕಡಿಮೆ ಮಾಡುತ್ತದೆ ನಿಜ, ಆದರೆ ಸ್ಟುಡಿಯೋ ಕಲಾವಿದರಿಗೆ ಹೊಸ ದೇಶದಲ್ಲಿ ಕಾಲೂರುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಜರ್ಮನಿಯ ಸರ್ಕಾರಿ ಕಲಾ ಅಕಾಡೆಮಿಗಳಲ್ಲಿ ಬೋಧನಾ ಶುಲ್ಕ ಬಹಳ ಕಡಿಮೆ ಅಥವಾ ಇಲ್ಲವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಯುರೋಪ್ ಒಕ್ಕೂಟದ ಹೊರ ದೇಶಗಳವರಿಗೆ 2017ರಿಂದ ಸೆಮಿಸ್ಟರಿಗೆ 1500 ಯೂರೋ ವಿಧಿಸುತ್ತಿದೆ. ಅಲ್ಲಿ ಒಬ್ಬ ಪ್ರಾಧ್ಯಾಪಕರ ತರಗತಿಗೆ ಸೇರುವ ಪದ್ಧತಿಯಿರುವುದರಿಂದ ಮೊದಲು ಅವರಿಗೆ ಕೃತಿಗಳನ್ನು ತೋರಿಸಿ ಮಾತನಾಡುವುದು ರೂಢಿ. ಜರ್ಮನ್ ಭಾಷೆ ಮತ್ತು ಭಾರತೀಯ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿರುವ, ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಸಮಯ ಹಿಡಿಯುತ್ತದೆ.

ವಿದ್ಯಾರ್ಥಿವೇತನ ಎಲ್ಲಿಂದ ಸಿಗುತ್ತದೆ?

ರಾಜ್ಯದೊಳಗೆ ಓದುವವರು ಮೊದಲು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ತಮಗೆ ಅನ್ವಯಿಸುವ ಯೋಜನೆಗಳನ್ನು ನೋಡಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷಗಳ ಕಾಲ ತಿಂಗಳಿಗೆ 5000 ರೂಪಾಯಿಯ ವಿದ್ಯಾರ್ಥಿವೇತನವನ್ನೂ, 25ರಿಂದ 40 ವರ್ಷದವರಿಗೆ ತಿಂಗಳಿಗೆ 10,000 ರೂಪಾಯಿಯ ಕಿರಿಯ ಫೆಲೋಶಿಪ್ಪನ್ನೂ ನೀಡುವ ಯೋಜನೆಗಳನ್ನು ಹೊಂದಿದೆ. ಬ್ರಿಟನ್ನಿನ ಅಧ್ಯಯನಕ್ಕೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕಲೆ ಮತ್ತು ಪರಂಪರೆಯ ಕ್ಷೇತ್ರಗಳವರಿಗೇ ನೆರವಾಗುತ್ತದೆ. ಇನ್‌ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ ವಿದೇಶಿ ವ್ಯಾಸಂಗಕ್ಕೂ ದೇಶದೊಳಗಿನ ಯುವ ಕಲಾವಿದರಿಗೂ ಬೇರೆ ಬೇರೆ ನೆರವು ಕೊಡುತ್ತದೆ. 1892ರಿಂದ ನಡೆದುಬಂದಿರುವ ಜೆ.ಎನ್. ಟಾಟಾ ದತ್ತಿ ಸಾಲದ ರೂಪದ ವಿದ್ಯಾರ್ಥಿವೇತನ. ಜರ್ಮನಿಗೆ, ಆ ದೇಶದ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿ.ಎ.ಎ.ಡಿ. ದೃಶ್ಯಕಲೆಗೆಂದೇ ಒಂದು ಯೋಜನೆ ನಡೆಸುತ್ತದೆ. ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್ ಪರಂಪರೆಯ ಸಂರಕ್ಷಣೆ ಮತ್ತು ವಸ್ತುಸಂಗ್ರಹಾಲಯ ಅಧ್ಯಯನವನ್ನು ಒಳಗೊಂಡಿದೆ, ಆದರೆ ಅದಕ್ಕೆ ಮೂರು ವರ್ಷಗಳ ಕೆಲಸದ ಅನುಭವ ಬೇಕು.

ಪರಿಶಿಷ್ಟ ಜಾತಿ ಮತ್ತಿತರ ಸಮುದಾಯಗಳ ವಿದ್ಯಾರ್ಥಿಗಳಿಗಿರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿಯು ಭಾರತೀಯ ಸಂಸ್ಕೃತಿ, ಪರಂಪರೆ ಮತ್ತು ಇತಿಹಾಸದ ವಿಷಯಗಳನ್ನು ಹೊರಗಿಟ್ಟಿತು. ಭಾರತೀಯ ಕಲಾ ಇತಿಹಾಸವನ್ನು ಓದಬಯಸುವ ದಲಿತ ವಿದ್ಯಾರ್ಥಿಗಳಿಗೆ ಇದರಿಂದ ಆಗಿರುವ ನಷ್ಟ ಸಣ್ಣದಲ್ಲ. ಯಾರು ಯಾರ ಕಲೆಯ ಚರಿತ್ರೆಯನ್ನು ಬರೆಯುತ್ತಾರೆ ಎಂಬುದು ಈ ಕ್ಷೇತ್ರದ ಮುಖ್ಯ ಪ್ರಶ್ನೆಯಾಗಿರುವಾಗ ಈ ಬಾಗಿಲನ್ನು ಮುಚ್ಚಬಾರದಿತ್ತು. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ತಪ್ಪದೆ ಓದಿ.

ನೆಟ್, ಪಿಎಚ್.ಡಿ., ಬೋಧನೆ?

ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನಲ್ಲಿ ದೃಶ್ಯಕಲೆ ಪ್ರತ್ಯೇಕ ವಿಷಯವಾಗಿದ್ದು, ಕಲಾ ಇತಿಹಾಸವೂ ಅದರೊಳಗೇ ಬರುತ್ತದೆ. ಸ್ನಾತಕೋತ್ತರದಲ್ಲಿ ಶೇ. 55 ಅಂಕ ಮತ್ತು ನೆಟ್ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ ಎಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಸಾರಾಂಶ. ವೃತ್ತಿನಿರತ ಕಲಾವಿದರಿಗೆ ಅದರಲ್ಲಿ ಬೇರೆಯದೇ ಅವಕಾಶವೂ ಇದೆ. ನೆಟ್‌ನಲ್ಲಿ ಹೆಚ್ಚು ಅಂಕ ಗಳಿಸಿ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಭತ್ಯೆ ಇದ್ದು, ಸಂಶೋಧನೆ ಮಾಡಬಯಸುವ ಬಡ ಕುಟುಂಬದ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. 2024ರ ಜೂನ್‌ನಿಂದ ನೆಟ್ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಲಾಗುತ್ತಿದೆ, ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರೂ ಅದನ್ನು ಬರೆಯಬಹುದು.

ಬೋಧನೆ ಬಿಟ್ಟರೆ ಬೇರೆ ಕೆಲಸಗಳಿವೆಯೇ?

ವಸ್ತುಸಂಗ್ರಹಾಲಯಗಳು, ಗ್ಯಾಲರಿಗಳು, ಹರಾಜು ಸಂಸ್ಥೆಗಳು, ಕಲಾ ಪ್ರಕಾಶನ, ದಾಖಲೀಕರಣ ಯೋಜನೆಗಳು, ಇಂಟ್ಯಾಕ್‌ನಂಥ ಪರಂಪರೆ ಸಂಸ್ಥೆಗಳು ಇವೆ. ಸಂರಕ್ಷಣೆಯಲ್ಲಿ ತರಬೇತಿ ಪಡೆದವರ ಕೊರತೆ ದೇಶದಲ್ಲಿ ನಿಜವಾಗಿಯೂ ಇದೆ. ರಸಾಯನಶಾಸ್ತ್ರ ಓದಿದವರು, ಕೈ ನಯವಾಗಿರುವ ಚಿತ್ರಕಾರರು ಇತ್ತ ಗಮನಿಸಬೇಕು. ಸ್ಟುಡಿಯೋ ಕಲಾವಿದರಲ್ಲಿ ಹೆಚ್ಚಿನವರು ಮೊದಲ ಹತ್ತು ವರ್ಷ ಇನ್ನೊಂದು ಕೆಲಸದ ಆಧಾರದ ಮೇಲೆ ತಮ್ಮ ಕಲೆಯನ್ನು ಸಾಕುತ್ತಾರೆ ಎಂಬುದನ್ನು ಪೋಷಕರಿಗೆ ನೇರವಾಗಿ ಹೇಳುವುದು ನ್ಯಾಯ.

ಶಿಫಾರಸು ಪತ್ರ ಯಾರಿಂದ ಪಡೆಯಲಿ?

ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರಿಂದ. ಪ್ರಸಿದ್ಧರು ಬರೆದ ಮೂರು ಸಾಲಿಗಿಂತ ತರಗತಿಯ ಅಧ್ಯಾಪಕರು ಬರೆದ ಒಂದು ಪುಟ ಮೇಲು. ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿ, ಜೊತೆಗೆ ನಿಮ್ಮ ಪೋರ್ಟ್‌ಫೋಲಿಯೋವನ್ನೂ ಉದ್ದೇಶ ಪತ್ರವನ್ನೂ ಕೊಡಿ.

ಈ ವರ್ಷ ಆಯ್ಕೆಯಾಗಲಿಲ್ಲ. ಈಗೇನು ಮಾಡಲಿ?

ಸೀಟುಗಳು ಕಡಿಮೆ ಇರುವ ವಿಭಾಗಗಳಲ್ಲಿ ಇದು ಪ್ರತಿಭೆಯ ಮೇಲಿನ ತೀರ್ಪಲ್ಲ. ಸಾಧ್ಯವಾದರೆ ವಿಭಾಗದ ಒಬ್ಬರನ್ನಾದರೂ ಭೇಟಿಯಾಗಿ ಪೋರ್ಟ್‌ಫೋಲಿಯೋದಲ್ಲಿ ಏನು ಕೊರತೆಯಿತ್ತೆಂದು ಕೇಳಿ. ಬಹಳ ಮಂದಿ ಅಧ್ಯಾಪಕರು ಸಂತೋಷದಿಂದಲೇ ಹೇಳುತ್ತಾರೆ. ನಗರದಲ್ಲಿ ಇನ್ನಿಬ್ಬರ ಜೊತೆ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕೆಲಸ ಮುಂದುವರಿಸಿ, ಅಥವಾ ಒಬ್ಬ ಹಿರಿಯ ಕಲಾವಿದರ ಸ್ಟುಡಿಯೋದಲ್ಲಿ ಸಹಾಯಕರಾಗಿ ಸೇರಿ. ಮುದ್ರಣಕಲೆಯವರು ಸಾರ್ವಜನಿಕರಿಗೆ ತೆರೆದಿರುವ ಸಮುದಾಯ ಸ್ಟುಡಿಯೋಗಳನ್ನು, ಚೆನ್ನೈನಲ್ಲಿರುವ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಬಹುದು. ಕಲಾ ಇತಿಹಾಸದವರು ಒಂದೇ ಒಂದು ಸ್ಮಾರಕವನ್ನು ಆರಿಸಿ, ಬೇರೆ ಬೇರೆ ಋತುಗಳಲ್ಲಿ ಹೋಗಿ, ಅಳೆದು, ರೇಖಾಚಿತ್ರ ಮಾಡಿ, ಶಾಸನಗಳನ್ನು ಓದಿ, ಮುಂದಿನ ಡಿಸೆಂಬರಿನ ಹೊತ್ತಿಗೆ ಹದಿನೈದು ಪುಟಗಳ ಪ್ರಬಂಧವನ್ನು ಸಿದ್ಧಪಡಿಸಿಕೊಂಡರೆ ಮುಂದಿನ ಅರ್ಜಿಗೆ ಬೇಕಾದ ಬರವಣಿಗೆಯ ಮಾದರಿ ಅದೇ ಆಗುತ್ತದೆ.